ಗ್ರಂಥಾಲಯದ ಕಪಾಟಿಗೆ ಕೊಲೆ, ಪ್ರೇತ, ಮಾಯೆ ಬೇಕೇ? ಪರ – ವಿರೋಧ

ಜೂನ್ 19ರ ಕೇರಳದ ವಾಚನ ದಿನಕ್ಕೆ ನಮ್ಮ ಊರಿನ ಗ್ರಂಥಾಲಯ ಹೊರತರುವ ಕೈಬರಹದ ಪತ್ರಿಕೆಗಾಗಿ ಇಬ್ಬರು ಓದುಗರನ್ನು ಕೇಳಿಕೊಂಡಿದ್ದೆವು. ಈ ವರ್ಷದ ಪುಸ್ತಕ ಖರೀದಿಯಲ್ಲಿ ಪತ್ತೇದಾರಿ, ಭಯಾನಕ ಮತ್ತು ಮಾಯಾಲೋಕದ ಕಾದಂಬರಿಗಳಿಗೆ ಜಾಗ ಕೊಡಬೇಕೇ, ಬೇಡವೇ? ಪರವಾಗಿ ಬರೆಯಲು ಒಬ್ಬರು ತಾವಾಗಿಯೇ ಮುಂದೆ ಬಂದರು. ವಿರೋಧಕ್ಕೆ ಯಾರೂ ಸಿಗದೆ ನಮ್ಮೆಲ್ಲರ ಮಾಸ್ತರರ ಮನೆಗೇ ಹೋಗಬೇಕಾಯಿತು. ತಲಾ ನಾಲ್ಕು ಪುಟ ಎಂದಿದ್ದೆವು.

ಪರ: ಬಸ್ಸಿನಲ್ಲಿ ಓದುವವಳು

ಪೆರ್ಲದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದೂಕಾಲು ಗಂಟೆ. ಬದಿಯಡ್ಕದಲ್ಲಿ ಶಾಲೆಯ ಮಕ್ಕಳು ಇಳಿದರೆ ಸೀಟು ಸಿಗುತ್ತದೆ, ಸೀಟು ಸಿಕ್ಕಿದರೆ ಪುಸ್ತಕ ತೆರೆಯುತ್ತೇನೆ. ಹದಿನಾಲ್ಕು ವರ್ಷಗಳಿಂದ ನನ್ನ ಓದೆಲ್ಲ ಬದಿಯಡ್ಕಕ್ಕೂ ಚೆರ್ಕಳಕ್ಕೂ ನಡುವೆಯೇ ನಡೆದಿದೆ. ಆ ತಿರುವುಗಳಲ್ಲಿ, ಆ ಹೊಂಡಗಳಲ್ಲಿ, ಮಡಿಲಿನಲ್ಲಿ ಬೇರೆಯವರ ಚೀಲ ಕುಳಿತಿರುವಾಗಲೂ ಓದಿಸಿಕೊಂಡು ಹೋಗುವ ಪುಸ್ತಕ ಯಾವುದೋ ಅದೇ ನನ್ನ ಮಟ್ಟಿಗೆ ಒಳ್ಳೆಯ ಪುಸ್ತಕ. ಹೀಗೆ ಹೇಳಿದರೆ ಮಾಸ್ತರರು ಕನ್ನಡಕದ ಮೇಲಿನಿಂದ ನೋಡುತ್ತಾರೆಂದು ಗೊತ್ತು. ನೋಡಲಿ. ಒಂಬತ್ತನೆಯ ತರಗತಿಯಲ್ಲಿಯೂ ನೋಡಿದ್ದಾರೆ.

ಶನಿವಾರ ಸಂಜೆ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ನಾನೂ ಕೂರುತ್ತೇನೆ. ಅಲ್ಲಿ ಕುಳಿತವರಿಗೆ ಸಾಹಿತ್ಯ ವಿಮರ್ಶೆ ಬೇಡ, ಪುಸ್ತಕದ ಹಿಂದೆ ಅಂಟಿಸಿದ ಚೀಟಿ ಸಾಕು. ಕವನ ಸಂಕಲನವೊಂದರ ಚೀಟಿಯಲ್ಲಿ ಕೊನೆಯ ಮುದ್ರೆ 2009ರದು. ಅದನ್ನು ಕೊಂಡೊಯ್ದವಳು ನಾನೇ, ಭಾಷಣ ಸ್ಪರ್ಧೆಗೆ ಎರಡು ಸಾಲು ಬೇಕಾಗಿತ್ತು. ಅದೇ ಸಾಲಿನಲ್ಲಿ ಯಾರೋ ದಾನ ಕೊಟ್ಟ ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿ ಕಾದಂಬರಿಯೊಂದು ಇದೆ. ಅದರ ಚೀಟಿ ತುಂಬಿ ಅದರ ಮೇಲೆ ಇನ್ನೊಂದು ಅಂಟಿಸಿ ಅದೂ ತುಂಬಿದೆ. ಬೆನ್ನು ಹರಿದಿದೆ, ಮುಖಪುಟ ಹೋಗಿ ಕ್ಯಾಲೆಂಡರಿನ ಹಾಳೆ ಬಂದಿದೆ. ಅವರ ಪತ್ತೇದಾರ ಪುರುಷೋತ್ತಮನಿಗೆ ಈ ಕಟ್ಟಡದಲ್ಲಿರುವ ಮರ್ಯಾದೆ ಇನ್ನಾರಿಗೂ ಇಲ್ಲ.

ಕಳೆದ ಮಳೆಗಾಲದಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ಬಂದು, "ಪ್ರೇತದ ಪುಸ್ತಕ ಉಂಟೇ?" ಎಂದು ಕೇಳಿದ. ಕನ್ನಡದಲ್ಲಿ ಕೇಳಿದ, ಗಮನಿಸಿ. ನಾನು ಕನ್ನಡದ ಕಪಾಟಿನ ಮುಂದೆ ನಿಂತು ಮೇಲಿನಿಂದ ಕೆಳಕ್ಕೆ ಹುಡುಕಿದೆ. ಮಹಾಪುರುಷರ ಜೀವನ ಚರಿತ್ರೆ ಇತ್ತು, ಅಡಿಕೆ ಕೃಷಿಯ ಕೈಪಿಡಿ ಇತ್ತು, ಸಮ್ಮೇಳನಗಳ ಸ್ಮರಣ ಸಂಚಿಕೆಗಳು ಇದ್ದವು. ಅವನು ಎರಡು ನಿಮಿಷ ಕಾದು ಎದುರಿನ ಮಲಯಾಳದ ಕಪಾಟಿಗೆ ಹೋದ. ಅಲ್ಲಿ ಪ್ರೇತವೂ ಇತ್ತು, ಯಕ್ಷಿಯೂ ಇದ್ದಳು, ಕೋಟ್ಟಯಂ ಪುಷ್ಪನಾಥ್ ಬರೆದ ಡಿಟೆಕ್ಟಿವ್ ಮಾರ್ಕ್ಸಿನ್ ಕೂಡ ಇದ್ದ. ಒಂದನ್ನು ತೆಗೆದುಕೊಂಡು, ಅಕ್ಷರ ಕೂಡಿಸಿಕೊಂಡು, ಅಲ್ಲೇ ನೆಲದಲ್ಲಿ ಕುಳಿತು ಓದತೊಡಗಿದ. ಮಲಯಾಳ ಓದಬಾರದೆಂದು ನಾನು ಹೇಳುತ್ತಿಲ್ಲ, ನಾನೂ ಓದುತ್ತೇನೆ. ಆದರೆ ಕನ್ನಡದಲ್ಲಿ ಕೇಳಿದ ಹುಡುಗನಿಗೆ ಕನ್ನಡದಲ್ಲಿ ಕೊಡಲು ನಮ್ಮಲ್ಲಿ ಒಂದೇ ಒಂದು ಪ್ರೇತ ಇರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಇಲ್ಲಿನ ಕನ್ನಡಕ್ಕೆ ಅನ್ಯಾಯವಾಯಿತು ಎಂದು ಹೇಳುತ್ತಾ ಬಂದಿದ್ದೇವೆ, ಆಗಿರುವುದೂ ಹೌದು. ಈ ಹುಡುಗನಿಗೆ ಅನ್ಯಾಯ ಮಾಡಿದ್ದು ಮಾತ್ರ ಯಾವ ಆಯೋಗವೂ ಅಲ್ಲ, ನಮ್ಮದೇ ಪುಸ್ತಕ ಆಯ್ಕೆ ಸಮಿತಿ.

ಇನ್ನು ದುಡ್ಡಿನ ಮಾತು. ಅನುದಾನ ಕಡಿಮೆ, ಪುಸ್ತಕದ ಬೆಲೆ ಹೆಚ್ಚು, ಕನ್ನಡ ಪುಸ್ತಕಕ್ಕೆ ಮಂಗಳೂರಿಗೇ ಹೋಗಬೇಕು ಎನ್ನುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಈಚೆಗೆ ಓದಿದ ಮೂರು ಪುಸ್ತಕಗಳ ಬಗ್ಗೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈಕೆ ಸಿಕ್ಕಿದ್ದನ್ನೆಲ್ಲ ಹೊಗಳುವವಳು ಎಂದುಕೊಂಡೀರಿ. ಹೆಸರು ಹೇಳುವುದಿಲ್ಲ, ಎರಡಕ್ಕೆ ನನ್ನಿಂದ ಒಳ್ಳೆಯ ಮಾತು ಬರುವುದಿಲ್ಲ.

ಮೊದಲನೆಯದು ಕೊಲೆಯ ಕಾದಂಬರಿ, ಕನ್ನಡದ್ದೇ, ಹೊಸಬರದು. ಕೊಡಗಿನ ಕಡೆಯ ಹೋಂಸ್ಟೇ, ಮಳೆ, ಕುಸಿದ ರಸ್ತೆ, ಒಳಗೆ ಏಳು ಮಂದಿ, ಬೆಳಿಗ್ಗೆ ಆರು ಮಂದಿ. ಕೊಲೆಗಾರ ಯಾರೆಂದು ನನಗೆ ಅರುವತ್ತನೆಯ ಪುಟದಲ್ಲೇ ತಿಳಿಯಿತು. ಲೇಖಕರು ಒಬ್ಬನ ಕೈಯಲ್ಲಿ ವಿಪರೀತ ಒಳ್ಳೆಯ ಕೆಲಸ ಮಾಡಿಸುತ್ತಿದ್ದರು. ನಾಯಿಗೆ ಬಿಸ್ಕತ್ತು, ಮುದುಕಿಗೆ ಶಾಲು. ಅಷ್ಟು ಒಳ್ಳೆಯವನು ಕಾದಂಬರಿಯಲ್ಲಿ ಸುಮ್ಮನೆ ಇರುವುದಿಲ್ಲ. ತಿಳಿದ ಮೇಲೂ ಕೆಳಗಿಡಲಾಗಲಿಲ್ಲ, ವಿದ್ಯಾನಗರದಲ್ಲಿ ಇಳಿಯಬೇಕಾದವಳು ಹೊಸ ಬಸ್ ನಿಲ್ದಾಣದ ತನಕ ಹೋದೆ. ತಪ್ಪು ಹುಡುಕುತ್ತಾ ಓದುವ ಸುಖವೂ ಒಂದು ಸುಖ. ಅದನ್ನು ಯಾವ ಮಹಾಕಾವ್ಯವೂ ನನಗೆ ಕೊಟ್ಟಿಲ್ಲ, ಮಹಾಕಾವ್ಯದಲ್ಲಿ ತಪ್ಪು ಹುಡುಕಿದರೆ ಅಂಕ ಹೋಗುತ್ತಿತ್ತು.

ಎರಡನೆಯದು ಮಾಯಾಲೋಕದ್ದು, ಇಂಗ್ಲಿಷಿನದು, ಮೂರು ಸಂಪುಟ. ಅಣ್ಣನ ಮಗಳು ಒತ್ತಾಯ ಮಾಡಿ ಕೊಟ್ಟಳು. ಮೊದಲ ಪುಟದಲ್ಲೇ ನಕಾಶೆ, ನನಗೆ ನಕಾಶೆ ಇಷ್ಟ. ಆದರೆ ಹೆಸರುಗಳನ್ನು ಬಾಯಲ್ಲಿ ಹೇಳಲಾಗದು, ಏಳು ರಾಜ್ಯಗಳಿದ್ದರೂ ಎಲ್ಲರೂ ತಿನ್ನುವುದು ರೊಟ್ಟಿ ಮತ್ತು ಮಾಂಸದ ಸಾರು. ಒಬ್ಬನಾದರೂ ಒಂದು ದಿನ ಗಂಜಿ ಉಣ್ಣಬಾರದೇ? ಎರಡನೆಯ ಸಂಪುಟದ ನಡುವೆ ಬಿಟ್ಟೆ. ಬಿಟ್ಟ ಮೇಲೆ ಯೋಚನೆ ಬಂದದ್ದು ನಮ್ಮ ಬಗ್ಗೆಯೇ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿದು. ನಡುರಾತ್ರಿ ಚೆಂಡೆಯ ಪೆಟ್ಟಿಗೆ ತೆರೆಯ ಹಿಂದೆ ಕಿರೀಟದ ತುದಿ ಅಲುಗಾಡಿ, ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೆದ್ದು, ಚುಟ್ಟಿಯ ಮುಖದ ರಾಕ್ಷಸ ಮೊದಲು ಒಂದೇ ಒಂದು ಕಣ್ಣು ತೋರಿಸುವುದನ್ನು ಅಪ್ಪನ ತೊಡೆಯ ಮೇಲೆ ಕುಳಿತು ನೋಡಿ ಬೆಳೆದವರು ನಾವು. ಬಣ್ಣದ ವೇಷ ಬರುವಾಗ ಅತ್ತವರೆಷ್ಟು, ಚಾಪೆಯ ಕೆಳಗೆ ನುಗ್ಗಿದವರೆಷ್ಟು! ಇಷ್ಟೆಲ್ಲ ಇರುವಾಗ ನಮ್ಮ ಮಕ್ಕಳು ಮಾಯಾಲೋಕಕ್ಕೆ ಇಂಗ್ಲಿಷಿನ ನಕಾಶೆ ಹಿಡಿದು ಹೋಗುತ್ತಾರೆ.

ಮೂರನೆಯದು ಭಯದ ಕಾದಂಬರಿ. ಭಯದ ಪುಸ್ತಕವನ್ನು ನಾನು ಹಗಲು ಬಸ್ಸಿನಲ್ಲಿ ಮಾತ್ರ ಓದುತ್ತೇನೆ, ಮನೆಗೆ ತರುವುದಿಲ್ಲ. ಹಳೆಯ ತರವಾಡು ಮನೆ, ಬಾಗಿಲು ಕಿರುಗುಟ್ಟುವುದು, ಬೆಕ್ಕು ಅಡ್ಡ ಬರುವುದು. ಎಪ್ಪತ್ತು ಪುಟ ಬರೇ ಕಿರುಗುಟ್ಟುವುದೇ ಆಗಿ ನನಗೆ ಬಾಗಿಲಿಗೆ ಎಣ್ಣೆ ಹಾಕಬೇಕೆನ್ನಿಸಿತು. ಆಮೇಲೆ ಒಂದು ಜಾಗ ಬಂತು. ಮನೆಯಲ್ಲಿ ನಾಲ್ಕು ಮಂದಿ, ಸೊಸೆ ಊಟಕ್ಕೆ ಐದು ಎಲೆ ಹಾಕುತ್ತಾಳೆ. ಯಾಕೆಂದು ಯಾರೂ ಕೇಳುವುದಿಲ್ಲ, ಐದನೆಯ ಎಲೆಗೂ ಬಡಿಸುತ್ತಾಳೆ, ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಾರೆ. ಅಷ್ಟೇ. ಪ್ರೇತದ ಹೆಸರೇ ಇಲ್ಲ. ಆ ದಿನ ಮನೆಗೆ ಬಂದು ರಾತ್ರಿ ಊಟಕ್ಕೆ ತಟ್ಟೆ ಇಡುವಾಗ ನಾನು ಎರಡು ಸಲ ಎಣಿಸಿದೆ. ಒಬ್ಬ ಬರಹಗಾರ ನಾಲ್ಕು ವಾಕ್ಯದಲ್ಲಿ ಬೇರೊಬ್ಬರ ಅಡುಗೆಮನೆಯ ಒಳಗೆ ಬಂದು ತಟ್ಟೆ ಎಣಿಸುವಂತೆ ಮಾಡುತ್ತಾನಾದರೆ ಅದು ಸಾಹಿತ್ಯ ಅಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಹಗುರ ಓದು, ಹಗುರ ಓದು ಎನ್ನುತ್ತಾರೆ. ಕನ್ನಡದ ಗದ್ಯ ಶುರುವಾದದ್ದು ಎಲ್ಲಿಂದ? ಹತ್ತನೆಯ ಶತಮಾನದ ಆಸುಪಾಸಿನ ವಡ್ಡಾರಾಧನೆ, ಹತ್ತೊಂಬತ್ತು ಕಥೆಗಳು. ಅದರಲ್ಲಿ ವಿದ್ಯುಚ್ಚೋರನದು ಒಂದು. ಮಿಥಿಲಾಪುರದಲ್ಲಿ ಅರಸನ ಹಾರ ಕಳುವಾಗುತ್ತದೆ. ಏಳು ದಿನದಲ್ಲಿ ಕಳ್ಳನನ್ನು ತರಬೇಕು, ಇಲ್ಲದಿದ್ದರೆ ನಿನಗೇ ಶಿಕ್ಷೆ ಎಂದು ಅರಸ ಊರ ಕಾವಲಿನ ತಳಾರ ಯಮದಂಡನಿಗೆ ಹೇಳುತ್ತಾನೆ. ಕಳ್ಳ ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳು ಗುಡಿಯಲ್ಲಿ ಬಿದ್ದಿರುತ್ತಾನೆ, ರಾತ್ರಿ ಚೆಲುವನಾಗಿ ಊರು ತಿರುಗುತ್ತಾನೆ. ದಿನ ಒಂದೊಂದೇ ಕಳೆದು, ಏಳನೆಯ ದಿನ ಯಮದಂಡ ಆ ರೋಗಿಯನ್ನೇ ಹಿಡಿದು ತರುತ್ತಾನೆ. ರಾತ್ರಿಯಿಡೀ ದಂಡಿಸಿದರೂ ಅವನು ಒಪ್ಪುವುದಿಲ್ಲ. ಕೊನೆಗೆ ಅರಸ ಅಭಯ ಕೊಟ್ಟ ಮೇಲೆ ಬಾಯಿ ಬಿಡುತ್ತಾನೆ, ನೋಡಿದರೆ ಕಳ್ಳನೂ ತಳಾರನೂ ಬಾಲ್ಯದ ಗೆಳೆಯರು! ಗಡುವು, ವೇಷ, ಸುಳಿವು, ವಿಚಾರಣೆ, ಕೊನೆಯ ಪುಟದ ತಿರುವು, ಇನ್ನೇನು ಬಾಕಿ? ಷರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ಭಯ ಬೇಕೇ, 1209ರ ಜನ್ನನ 'ಯಶೋಧರ ಚರಿತೆ'ಯನ್ನು ತೆರೆಯಿರಿ. ಚಂಡಮಾರಿಯ ಗುಡಿಗೆ ಬಲಿಗಾಗಿ ಇಬ್ಬರು ಮಕ್ಕಳನ್ನು ಹಿಡಿದು ತರುವಲ್ಲಿಂದ ಶುರು. ಮುಂದೆ ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕತ್ತರಿಸುತ್ತಾರೆ, ಅದು ಕೂಗುತ್ತದೆ. ಹಿಟ್ಟಿನ ಕೋಳಿ! ಅದರ ಮುಂದೆ ಹೊಸ ಕಾಲದ ಕಿರುಗುಟ್ಟುವ ಬಾಗಿಲು ಯಾವ ಲೆಕ್ಕ?

ಈ ಎರಡೂ ಕಥೆಗಳನ್ನು ನನಗೆ ಹೇಳಿದವರು ಯಾರು ಗೊತ್ತೇ? ಈ ಪತ್ರಿಕೆಯಲ್ಲಿ ನನ್ನ ಎದುರು ಬರೆಯುತ್ತಿರುವ ಮಾಸ್ತರರೇ. ಹೊರಗೆ ಮಳೆ, ಒಳಗೆ ಕತ್ತಲೆ, ಅವರು ಕೋಳಿ ಕೂಗುವಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ಸುಮ್ಮನಾಗಿದ್ದರು.

ಮಂಜೇಶ್ವರದ ಗೋವಿಂದ ಪೈಗಳ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವವರೂ ಇದ್ದಾರೆ. ರಾಷ್ಟ್ರಕವಿ ನಡೆದ ನೆಲದಲ್ಲಿ ಪತ್ತೇದಾರಿಯೇ ಎಂದು. ಆ ಮಹನೀಯರು ಜೀವನದ ಎಷ್ಟು ವರ್ಷ ಕವಿಗಳ ಕಾಲ ನಿರ್ಣಯದಲ್ಲಿ ಕಳೆದರು! ಒಂದು ಶಾಸನದ ಸಾಲು, ಒಂದು ಗ್ರಹಣದ ಲೆಕ್ಕ, ಒಬ್ಬ ಅರಸನ ಹೆಸರು ಹಿಡಿದುಕೊಂಡು ಯಾರು ಯಾವಾಗ ಎಲ್ಲಿದ್ದರು ಎಂದು ತೋರಿಸುವುದು ಪತ್ತೇದಾರಿಕೆ ಅಲ್ಲದೆ ಇನ್ನೇನು? ಪಾರ್ತಿಸುಬ್ಬನ ಹೆಸರಿನ ಪ್ರಸಂಗಗಳನ್ನು ಬರೆದವನು ಪಾರ್ತಿಸುಬ್ಬನೇ ಹೌದೋ ಅಲ್ಲವೋ ಎಂದು ಶಿವರಾಮ ಕಾರಂತರೂ ಕುಕ್ಕಿಲ ಕೃಷ್ಣ ಭಟ್ಟರೂ ವಾದ ಮಾಡಿದ್ದನ್ನು ಓದುವಾಗ ನನಗೆ ನ್ಯಾಯಾಲಯದ ಕಾದಂಬರಿಯ ಖುಷಿಯೇ ಸಿಕ್ಕಿತು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಒಂದು ಸಾವಿನ ತನಿಖೆಯನ್ನು ಹಿಡಿದುಕೊಂಡೇ ಹೊರಡುತ್ತದೆ, ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿಗೆ ಆಗುವುದು ನಮ್ಮ ಆಯ್ಕೆ ಸಮಿತಿಗೆ ಆಗುವುದಿಲ್ಲ.

ಒಂದು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ದೆವ್ವ ಭೂತಗಳನ್ನು ತರಬಾರದು, ಗುಪ್ತ ಕೋಣೆ ಅಥವಾ ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ಪಾದ್ರಿಗಳು ನಮ್ಮ ಎನ್ಮಕಜೆಗೋ ಬಾಯಾರಿಗೋ ಬಂದಿರಲಿಲ್ಲವಷ್ಟೇ. ನಮ್ಮ ದೊಡ್ಡಪ್ಪನ ತೋಟ ಒಂದರಲ್ಲೇ ನಾಲ್ಕು ಸುರಂಗ. ನೀರಿಗಾಗಿ ಮುರಕಲ್ಲು ಕೊರೆದು ಗುಡ್ಡೆಯ ಹೊಟ್ಟೆಗೆ ನುಗ್ಗಿದವು, ಒಬ್ಬ ಮನುಷ್ಯ ಬಗ್ಗಿ ಹೋಗಬಹುದಾದಷ್ಟು ಅಗಲ, ಒಳಗೆ ಬಾವಲಿ, ಕೊನೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು. ಗುಳಿಗ ದೈವದ ಕಟ್ಟೆ ದಾಟದೆ ಅಲ್ಲಿಗೆ ದಾರಿಯೂ ಇಲ್ಲ. ಇಡೀ ಜಿಲ್ಲೆಯಲ್ಲಿ ಇಂತಹವು ಸಾವಿರಾರು ಇವೆ. ಕೊಲೆಯ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇದೆಯೇ? ಬರೆಯುವವರು ಯಾಕೆ ಹುಟ್ಟುತ್ತಿಲ್ಲ ಎಂದರೆ ಓದಿ ಬೆಳೆದವರು ಇಲ್ಲ. ಆ ಆರನೆಯ ತರಗತಿಯ ಹುಡುಗ ಬರೆಯುತ್ತಿದ್ದನೋ ಏನೋ, ಈಗ ಬರೆದರೆ ಮಲಯಾಳದಲ್ಲಿ ಬರೆಯುತ್ತಾನೆ.

ಮೂವತ್ತು ಪುಸ್ತಕ ಕೇಳುತ್ತಿದ್ದೇನೆ. ಮೂರು ಕಪಾಟಿನಲ್ಲಿ ಕೆಳಗಿನ ಒಂದು ಅರೆ. ಅಲ್ಲಿ ಈಗ ಸ್ಮರಣ ಸಂಚಿಕೆಗಳಿವೆ, ಅವನ್ನು ಅಟ್ಟಕ್ಕೆ ಏರಿಸಲು ನಾನೇ ಏಣಿ ತರುತ್ತೇನೆ.

ವಿರೋಧ: ನಿವೃತ್ತ ಕನ್ನಡ ಅಧ್ಯಾಪಕ

ಸಂಪಾದಕರು ಮನೆಗೆ ಬಂದು, "ವಿರೋಧ ಬರೆಯಲು ನಿಮ್ಮಷ್ಟು ತಕ್ಕವರು ಬೇರೆ ಯಾರಿದ್ದಾರೆ?" ಎಂದು ಕೇಳಿದರು. ಇದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಒಪ್ಪಿಕೊಂಡಾಗಿತ್ತು. ಎದುರು ಪಕ್ಷದ ಲೇಖನವನ್ನೂ ಕೊಟ್ಟು ಹೋದರು. ಓದಿದೆ. ಬರವಣಿಗೆ ಚೆನ್ನಾಗಿದೆ, ಕಾಗುಣಿತದ ತಪ್ಪು ಎರಡು.

ಮೊದಲನೆಯ ಕಾರಣ ದುಡ್ಡು. ಗ್ರಂಥಾಲಯ ಕೌನ್ಸಿಲಿನ ಅನುದಾನ ನಮ್ಮ ದರ್ಜೆಗೆ ತಕ್ಕಂತೆ ಬರುತ್ತದೆ, ಅದರಲ್ಲಿ ಕನ್ನಡಕ್ಕೆ ಉಳಿಯುವುದು ಇಷ್ಟೇ. ಆ ಇಷ್ಟರಲ್ಲಿ ನಿಘಂಟು ಬೇಕು, ಮಕ್ಕಳ ಪರೀಕ್ಷೆಗೆ ಬೇಕಾದವು ಬೇಕು, ಹಳೆಯ ಕಾವ್ಯಗಳ ಒಳ್ಳೆಯ ಆವೃತ್ತಿ ಬೇಕು. ಇದಕ್ಕೆ "ಆಮೇಲೆ ಬರುತ್ತೇನೆ" ಎಂದ ಲೇಖಕಿ ಕೊನೆಯವರೆಗೂ ಬಂದಿಲ್ಲ. ಮನೆಪಾಠದ ವಿಷಯದಲ್ಲಿಯೂ ಅವಳು ಹೀಗೇ ಹೇಳುತ್ತಿದ್ದಳು.

ಎರಡನೆಯ ಕಾರಣ, ಪತ್ತೇದಾರಿ ಪುಸ್ತಕ ಒಂದು ಸಲದ್ದು. ಕೊಲೆಗಾರ ತಿಳಿದ ಮೇಲೆ ಅದನ್ನು ಮತ್ತೆ ಓದುವವರು ಕಡಿಮೆ. ಅದಕ್ಕಿಂತ ಕೆಟ್ಟದ್ದೆಂದರೆ, ಗ್ರಂಥಾಲಯದ ಪುಸ್ತಕದಲ್ಲಿ ಮೊದಲು ಓದಿದವನು ಹನ್ನೆರಡನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಇವನೇ" ಎಂದು ಬರೆದು ಬಾಣ ಹಾಕುತ್ತಾನೆ. ಆಮೇಲೆ ಆ ಪುಸ್ತಕದಿಂದ ಯಾರಿಗೆ ಏನು ಪ್ರಯೋಜನ? 1926ರಲ್ಲಿ ಅಗಾಥಾ ಕ್ರಿಸ್ಟಿ ಕಥೆ ಹೇಳುವವನನ್ನೇ ಕೊಲೆಗಾರನನ್ನಾಗಿ ಮಾಡಿ ಹೆಸರಾದರು. ಈ ಒಂದು ವಾಕ್ಯ ಓದಿದ ನೀವು ಆ ಪುಸ್ತಕವನ್ನು ಇನ್ನು ಮುಂದೆ ಮೊದಲಿನ ಹಾಗೆ ಓದಲಾರಿರಿ. ಜನ್ನನಲ್ಲಿ ಹೀಗಾಗುವುದಿಲ್ಲ. ರಾಣಿ ಅಮೃತಮತಿ ಯಾರ ಹಾಡಿಗೆ ಮನಸೋತಳೆಂದು ತಿಳಿದ ಮೇಲೂ ಹತ್ತು ಸಲ ಓದಬಹುದು, ನಾನು ಓದಿದ್ದೇನೆ.

ವಡ್ಡಾರಾಧನೆಯ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದು ನಿಜ. ಪಾಠ ಮುಗಿದು ಹತ್ತು ನಿಮಿಷ ಉಳಿದಾಗ, ಮಳೆಗೆ ಹೆಂಚಿನ ಸದ್ದು ಜೋರಾಗಿ ವ್ಯಾಕರಣ ಕೇಳಿಸದಿದ್ದಾಗ. ಆದರೆ ವಿದ್ಯುಚ್ಚೋರ ಕೊನೆಗೆ ಏನಾಗುತ್ತಾನೆ? ತಪಸ್ಸಿಗೆ ಹೋಗುತ್ತಾನೆ. ಆ ಭಾಗವನ್ನು ಲೇಖಕಿ ಬಿಟ್ಟಿದ್ದಾರೆ. ಪುರುಷೋತ್ತಮ ಹಿಡಿದ ಕಳ್ಳರಲ್ಲಿ ಎಷ್ಟು ಮಂದಿ ತಪಸ್ಸಿಗೆ ಹೋದರು?

ಮೂರನೆಯದಾಗಿ ಭಯ. ನಾಲ್ಕು ಮಂದಿಯ ಮನೆಯಲ್ಲಿ ಐದನೆಯ ಎಲೆ ಕಂಡು ಇವರು ತಟ್ಟೆ ಎಣಿಸಿದರಂತೆ. ನಮ್ಮಲ್ಲಿ ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತೇವೆ. ನನ್ನ ಅಜ್ಜನಿಗೆ ಇಷ್ಟವೆಂದು ಪತ್ರೊಡೆ ಇಡುತ್ತೇವೆ, ಬಾಗಿಲು ಓರೆ ಮಾಡಿ ಹೊರಗೆ ಕೂರುತ್ತೇವೆ. ಮದುವೆಯಾಗದೆ ಸತ್ತ ಮಕ್ಕಳಿಗೆ ಸಂಬಂಧ ಹುಡುಕಿ ಪ್ರೇತಮದುವೆ ಮಾಡಿಸಿ ಬೀಗರಾದವರು ಈ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಸತ್ತವರು ನಮಗೆ ನೆಂಟರು. ಅವರನ್ನು ಕಂಡು ಚೀರುವುದನ್ನು ಹಣ ಕೊಟ್ಟು ಕಲಿಯಬೇಕೇ? ಇನ್ನು ನಿಜವಾದ ಭಯ ಬೇಕೆಂದರೆ, ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಇದೇ ಗುಡ್ಡೆಗಳಲ್ಲಿ. ಈ ಮಾತನ್ನು ಇಂತಹ ವಾದಕ್ಕೆ ಎಳೆದು ತಂದದ್ದು ಸರಿಯಲ್ಲವೆಂದು ಬರೆಯುವಾಗಲೇ ಅನ್ನಿಸುತ್ತಿದೆ. ಮುಂದಕ್ಕೆ ಹೋಗುತ್ತೇನೆ.

ಮಲಯಾಳದ ಕಪಾಟಿಗೆ ಹೋದ ಹುಡುಗನ ವಿಷಯ. ಕನ್ನಡವನ್ನು ಉಳಿಸಲು ಪ್ರೇತಗಳು ಬರಬೇಕೆಂಬ ವಾದವನ್ನು ನಾನು ಇದೇ ಮೊದಲು ಕೇಳಿದ್ದು. ಹಾಗಿದ್ದರೆ ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ ಕಾಸರಗೋಡಿನ ಕನ್ನಡಕ್ಕಾಗಿ ಅಷ್ಟು ಕಷ್ಟಪಡುವ ಬದಲು ಒಂದು ಬ್ರಹ್ಮರಾಕ್ಷಸನನ್ನು ಸಾಕಿದ್ದರೆ ಸಾಕಿತ್ತು.

ಇಷ್ಟಕ್ಕೆ ನನ್ನ ವಾದ ಮುಗಿಯುತ್ತದೆ. ಆದರೆ ನಾಲ್ಕು ಪುಟ ಎಂದಿದ್ದಾರೆ, ಎರಡೇ ಆಗಿದೆ. ಆದ್ದರಿಂದ ಈ ಜಾತಿಯ ಪುಸ್ತಕಗಳ ಮೇಲೆ ನನಗೆ ಯಾಕೆ ಸಿಟ್ಟು ಎಂಬುದನ್ನು ಹೇಳಿಬಿಡುತ್ತೇನೆ.

ನನಗೆ ಆಗ ಹದಿಮೂರು ವರ್ಷ. ಪೇಟೆಯಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು, ದಿನಕ್ಕೆ ಹತ್ತು ಪೈಸೆ. ಆಟಿ ತಿಂಗಳ ಒಂದು ಮಧ್ಯಾಹ್ನ ಅಲ್ಲಿಂದ ಒಂದು ಪತ್ತೇದಾರಿ ಕಾದಂಬರಿ ತಂದೆ. ಅಂಗೈ ಅಗಲದ ಪುಸ್ತಕ, ಮುಖಪುಟದಲ್ಲಿ ಹಸಿರು ಸೀರೆಯ ಹೆಂಗಸು, ಅವಳ ತಲೆಯ ಮೇಲೆ ಒಂದು ರಿವಾಲ್ವರ್ ತಾನಾಗಿಯೇ ತೇಲುತ್ತಿತ್ತು. ಅಂಗಿಯ ಒಳಗೆ ಇಟ್ಟುಕೊಂಡು, ಮಳೆಗೆ ಹೊದ್ದ ಗೊರಬೆಯ ಕೆಳಗೆ, ಮೂರು ಮೈಲಿ ನಡೆದು ಮನೆಗೆ ಬಂದೆ.

ಅಜ್ಜಿ ಜಗಲಿಯಲ್ಲಿ ಕುಳಿತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅವರಿಗೆ ಓದು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ನಮ್ಮ ಮನೆಮಾತು ತುಳು. "ಅದೇನು, ಜೋರಾಗಿ ಓದು" ಎಂದರು. ಪುರಾಣ ಎಂದುಕೊಂಡಿರಬೇಕು. ನಾನು ಕನ್ನಡದಲ್ಲಿ ಓದುವುದು, ಒಂದೊಂದು ಪುಟಕ್ಕೆ ನಿಲ್ಲಿಸಿ ತುಳುವಿನಲ್ಲಿ ಹೇಳುವುದು. ಕಾಫಿ ತೋಟದ ಯಜಮಾನ ಓದುವ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಸಂಶಯ ನಾಲ್ವರ ಮೇಲೆ: ಸಾಲ ಮಾಡಿಕೊಂಡ ಅಳಿಯ, ಅಡುಗೆಯವನು, ಮನೆಯ ಡಾಕ್ಟರ್, ಕುಂಟುವ ಅತಿಥಿ. ಹತ್ತನೆಯ ಪುಟಕ್ಕೆ ಅಜ್ಜಿ ಬೀಜ ಸುಲಿಯುವುದನ್ನು ನಿಲ್ಲಿಸಿದರು. ಕತ್ತಲಾಯಿತು, ಚಿಮಿಣಿ ದೀಪ ಹಚ್ಚಿದೆವು. ಅಮ್ಮ ಊಟಕ್ಕೆ ಕರೆದರೆ ಅಜ್ಜಿಯೇ ಗದರಿದರು.

ನೂರ ಹದಿಮೂರನೆಯ ಪುಟ. ಪತ್ತೇದಾರ ಎಲ್ಲರನ್ನೂ ನಡುಮನೆಯಲ್ಲಿ ಸೇರಿಸಿದ. ಸಿಗರೇಟು ಹಚ್ಚಿದ. "ಕೊಲೆಗಾರ ಈ ಕೋಣೆಯಲ್ಲಿಯೇ ಇದ್ದಾನೆ" ಎಂದ. ಪುಟ ತಿರುಗಿಸಿದೆ. ರಟ್ಟು ಬಂತು. ಕೊನೆಯ ಎಂಟು ಹತ್ತು ಪುಟ ಯಾರೋ ಕಿತ್ತಿದ್ದರು.

ಅಜ್ಜಿ ಕಾಯುತ್ತಿದ್ದರು. ನನಗೆ ಏನೂ ತೋಚದೆ ಖಾಲಿ ರಟ್ಟನ್ನು ನೋಡುತ್ತಾ ಓದಿದಂತೆ ನಟಿಸಿ, ಕೊಂದವನು ಅಡುಗೆಯವನು, ಪೊಲೀಸರು ಹಿಡಿದುಕೊಂಡು ಹೋದರು ಎಂದುಬಿಟ್ಟೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು.

"ಸುಳ್ಳು ಹೇಳುತ್ತಿದ್ದೀಯ" ಎಂದರು. "ಅವನಲ್ಲ, ಡಾಕ್ಟರ್. ಮಳೆಯಲ್ಲಿ ಓಡಿ ಬಂದೆ ಎಂದ. ಅವನ ಚೀಲ ಒಣಗಿತ್ತು ಎಂದು ನೀನೇ ಓದಿದೆಯಲ್ಲ. ಅವನು ಮೊದಲೇ ಮನೆಯೊಳಗೆ ಇದ್ದ."

ಮೂವತ್ತೊಂದನೆಯ ಪುಟಕ್ಕೆ ಹಿಂದೆ ಹೋಗಿ ನೋಡಿದೆ. ಡಾಕ್ಟರ್ ಒಣಗಿದ ಚರ್ಮದ ಚೀಲವನ್ನು ಮೇಜಿನ ಮೇಲೆ ಇಟ್ಟನು ಎಂದು ಇತ್ತು. ನಾನು ಓದಿ, ತುಳುವಿಗೆ ತಂದು, ಮರೆತು ಮುಂದೆ ಹೋಗಿದ್ದೆ.

ಮರುದಿನ ಅಂಗಡಿಗೆ ಹೋದೆ. ಪುಟ ಇಲ್ಲ ಎಂದರೆ, "ಮುಕ್ಕಾಲು ಓದಿದ್ದೀಯಲ್ಲ, ಹತ್ತು ಪೈಸೆಗೆ ಇನ್ನೆಷ್ಟು ಬೇಕು?" ಎಂದರು. ಅದನ್ನು ಮೊದಲೇ ಓದಿದವರು ಯಾರಾದರೂ ಇದ್ದಾರೆಯೇ ಎಂದು ಶಾಲೆಯಲ್ಲಿ ಕೇಳಿದೆ. ಒಬ್ಬ ಅಳಿಯ ಎಂದ, ಇನ್ನೊಬ್ಬ ಕುಂಟ ಅತಿಥಿ ಕುಂಟನೇ ಅಲ್ಲ ಎಂದ. ಇಬ್ಬರೂ ಓದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅಜ್ಜಿ ಮಾತ್ರ ಆ ಮಳೆಗಾಲವಿಡೀ ಯಾರಾದರೂ ನೆನೆಯದೆ ಜಗಲಿ ಹತ್ತಿದರೆ ಅವರ ಚೀಲವನ್ನು ಮುಟ್ಟಿ ನೋಡುತ್ತಿದ್ದರು.

ಈ ಪ್ರಸಂಗದಿಂದ ಪತ್ತೇದಾರಿ ಕಾದಂಬರಿಗಳು ಓದುಗನನ್ನು ನಡುನೀರಿನಲ್ಲಿ ಬಿಡುತ್ತವೆ ಎಂಬುದು ಸಿದ್ಧವಾಗುತ್ತದೆ. ಹಾಗೆಂದು ಬರೆದೆ, ಹೆಂಡತಿ ಓದಿ ನಕ್ಕಳು. ಇರಲಿ, ವಿರೋಧವನ್ನು ವಿರೋಧವೆಂದೇ ದಾಖಲಿಸಿಕೊಳ್ಳಬೇಕು.

ಒಂದು ವೇಳೆ ಸಮಿತಿ ಆ ಮೂವತ್ತು ಪುಸ್ತಕಗಳನ್ನು ಕೊಳ್ಳುವುದೆಂದೇ ತೀರ್ಮಾನಿಸಿದರೆ, ಪ್ರತಿಯೊಂದರ ಕೊನೆಯ ಹತ್ತು ಪುಟ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿ ತರಬೇಕು. ಹಳೆಯ ಪುಸ್ತಕಗಳ ರಾಶಿಯಲ್ಲಿ ಹಸಿರು ಸೀರೆ, ತೇಲುವ ರಿವಾಲ್ವರ್, ಕಾಫಿ ತೋಟ, ನಾಲ್ವರು ಶಂಕಿತರು ಇರುವಂತಹದು ಕಣ್ಣಿಗೆ ಬಿದ್ದರೆ ನೂರ ಹದಿನಾಲ್ಕನೆಯ ಪುಟದಿಂದ ಮುಂದಿನದನ್ನು ಯಾರಾದರೂ ನನಗೆ ಓದಿ ಹೇಳಿ. ರಾತ್ರಿ ಹತ್ತರ ತನಕ ಎಚ್ಚರವಾಗಿರುತ್ತೇನೆ.